ಹಿಪ್ಪುನೇರಳೆ ಬಣ್ಣದ ಕೋಟು

'ಮರ್ರೀ' ಅಂದರೆ ಯಾವ ಬಣ್ಣ? ಈ ಒಂದು ಪ್ರಶ್ನೆಗೆ ಇಂಗ್ಲೆಂಡಿನ ಲೀಡ್ಸ್‌ನ ಒಂದು ಹಾಲ್‌ನಲ್ಲಿ ಮೂವರು ಹಿರಿಯರು ಅರ್ಧ ಗಂಟೆ ಜಗಳ ಆಡಿದ್ದನ್ನು ನಾನು ನೋಡಿದ್ದೇನೆ. ಒಬ್ಬರು ನೇರಳೆ ಅಂದರು. ಇನ್ನೊಬ್ಬರು ಮರೂನ್ ಅಂದರು. ಮೂರನೆಯವರು ನೀಲಿ ಬೆರೆಸಿದ ಕೆಂಪು, ಆದರೆ ನೀಲಿ ಜಾಸ್ತಿ ಆಗಬಾರದು ಅಂದರು. ನಾನು ಹೊಸಬ, ಸುಮ್ಮನೆ ಕೂತಿದ್ದೆ. ಕೊನೆಗೆ ಯಾರೋ ಫೋನ್ ತೆಗೆದು ನೋಡಿ, ಅದು ಮಲ್ಬೆರಿ ಹಣ್ಣಿನ ಬಣ್ಣ ಎಂದು ಓದಿದರು. ನನಗೆ ನಗು ತಡೆಯಲಾಗಲಿಲ್ಲ.

ನಮ್ಮದು ಶಿಡ್ಲಘಟ್ಟದ ಕಡೆ ಊರು. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿಗೆ ಬೇಕಾದದ್ದು ಸೊಪ್ಪು. ಹಣ್ಣು ಮಕ್ಕಳ ಪಾಲಿಗೆ. ಹಿಪ್ಪುನೇರಳೆ ಹಣ್ಣು ತಿಂದು, ಕೈಯನ್ನು ಅಂಗಿಗೆ ಒರೆಸಿ, ಅಮ್ಮನಿಂದ ಬೈಸಿಕೊಂಡು ಬೆಳೆದವನು ನಾನು. ಆ ಕಲೆ ಮೊದಲು ಕೆಂಪಗಿರುತ್ತದೆ. ಸೋಪು ಹಾಕಿ ಉಜ್ಜಿದರೆ ನೀಲಿಗೆ ತಿರುಗುತ್ತದೆ. ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಅಂದರೆ ಆ ಮೂರೂ ಜನ ಹೇಳಿದ್ದು ಸರಿಯೇ. ಅವರು ಬೇರೆ ಬೇರೆ ದಿನದ ಕಲೆಯ ಬಗ್ಗೆ ಮಾತಾಡುತ್ತಿದ್ದರು, ಅಷ್ಟೇ.

ಜಗಳ ಇದ್ದದ್ದು ಜೋಡಿಸಿ ಬಣ್ಣ ಹಚ್ಚುವ ಗೊಂಬೆಗಳ ಬಗ್ಗೆ. 28 ಮಿಲಿಮೀಟರ್ ಎತ್ತರದ ಸೈನಿಕರು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು. ಇಂಗ್ಲೆಂಡಿನಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಎಂಬ ಎರಡು ಕವಲುಗಳು 1455ರಿಂದ 1487ರವರೆಗೆ ಕಿರೀಟಕ್ಕಾಗಿ ಕಾದಾಡಿದವಲ್ಲ, ಆ ಕಾಲದ ಕಾಲಾಳುಗಳು. ಎರಡೂ ಕವಲು ಮೂರನೇ ಎಡ್ವರ್ಡ್ ರಾಜನ ಸಂತಾನವೇ. ದಾಯಾದಿ ಜಗಳ ಅಂದರೆ ನಮ್ಮವರಿಗೆ ಬೇರೆ ವಿವರಣೆ ಬೇಡ. ಯಾರ್ಕಿನ ರಾಜರ ಆಳುಗಳ ಕೋಟು ನೀಲಿ ಮತ್ತು ಮರ್ರೀ. ಆ ಕೋಟಿಗೆ ಹಚ್ಚುವ ಬಣ್ಣದ ಡಬ್ಬಿ ಯಾವುದು ಅನ್ನೋದೇ ಅಂದಿನ ಸಮಸ್ಯೆ.

ನಾನು ಇದಕ್ಕೆ ಬಿದ್ದದ್ದು ಮಗಳಿಂದ. ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿ ಭಾರತದಿಂದ ಬಂದ ಆನೆಯ ಕವಚ ಒಂದಿದೆ. ರಾಬರ್ಟ್ ಕ್ಲೈವನ ಸೊಸೆ ಇಲ್ಲಿಗೆ ತಂದದ್ದು. ಊರಿಂದ ಯಾರು ಬಂದರೂ ಅದನ್ನು ತೋರಿಸುವುದು ನಮ್ಮ ಮನೆಯ ಪದ್ಧತಿ. ಮಳೆಯ ಒಂದು ಭಾನುವಾರ ಮಗಳೊಂದಿಗೆ ಹತ್ತನೇ ಸಲ ಆನೆ ನೋಡಿ ಹೊರಟಾಗ, ದಾರಿಯಲ್ಲಿ ಹದಿನೈದನೇ ಶತಮಾನದ ಒಂದು ಸ್ಯಾಲೆಟ್ ಎದುರು ನಿಂತೆ. ಕತ್ತಿನ ಹಿಂದೆ ಬಾಲದ ಹಾಗೆ ಚಾಚಿದ ಉಕ್ಕಿನ ಹೆಲ್ಮೆಟ್ ಅದು. ಇದನ್ನು ಹಾಕಿಕೊಂಡವನು ಯಾರು ಎಂದು ಮಗಳು ಕೇಳಿದಳು. ಫಲಕದಲ್ಲಿ ಹೆಲ್ಮೆಟ್ಟಿನ ವಿಷಯ ಇತ್ತು, ತಲೆಯ ವಿಷಯ ಇರಲಿಲ್ಲ. ಅದಾದ ತಿಂಗಳಿಗೆ ಮೊದಲ ಪೆಟ್ಟಿಗೆ ಮನೆಗೆ ಬಂತು.

ಪೆರಿ ಮಿನಿಯೇಚರ್ಸ್ ಅವರ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ನಲವತ್ತು ಜನ. ನಾಟಿಂಗ್‌ಹ್ಯಾಮ್‌ನ ಅವಳಿ ಸಹೋದರರು ಮೈಕೆಲ್ ಮತ್ತು ಅಲನ್ ಪೆರಿ ಇದನ್ನು ನಡೆಸುತ್ತಾರೆ. ಗೊಂಬೆಗಳನ್ನು ಕಡೆಯುವವರೂ ಅವರೇ. ಇಬ್ಬರಿಗೂ ಹಳೆ ಕಾಲದ ವೇಷ ಹಾಕಿ ಯುದ್ಧ ಆಡುವ ಹುಚ್ಚಿತ್ತು. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಅಂಥದೊಂದು ಆಟದಲ್ಲಿ ಫಿರಂಗಿ ಅವಘಡವಾಗಿ ಮೈಕೆಲ್ ಬಲಗೈ ಕಳೆದುಕೊಂಡರು. ಆಮೇಲೆ ಎಡಗೈಯಲ್ಲಿ ಕಡೆಯುವುದನ್ನು ಕಲಿತರು. ಎರಡು ಕೈ ಗಟ್ಟಿ ಇದ್ದೂ ಹುಬ್ಬು ಬಿಡಿಸಲು ಒದ್ದಾಡುವ ನನಗೆ ಇದು ಆಗಾಗ ನೆನಪಾಗುತ್ತದೆ.

ಪೆಟ್ಟಿಗೆ ತೆರೆದರೆ ಗೊಂಬೆಗಳು ಇರುವುದಿಲ್ಲ. ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ಅದರಲ್ಲಿ ಹಲಸಿನ ತೊಳೆ ಅಂಟಿಕೊಂಡ ಹಾಗೆ ಮೈ, ತಲೆ, ಕೈ, ಬಿಲ್ಲು ಬೇರೆ ಬೇರೆ. ಒಂದೊಂದನ್ನೇ ಕತ್ತರಿಸಬೇಕು. ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲೆಳೆಯಷ್ಟು ಗೆರೆ ಇರುತ್ತದೆ, ಅದನ್ನು ಬ್ಲೇಡಿನಿಂದ ಕೆರೆಯಬೇಕು. ಇಲ್ಲದಿದ್ದರೆ ಬಣ್ಣ ಹಚ್ಚಿದ ಮೇಲೆ ಗಾಯದ ಹಾಗೆ ಎದ್ದು ಕಾಣುತ್ತದೆ. ಅಂಟು ಕೂಡ ನಿಜಕ್ಕೂ ಅಂಟಲ್ಲ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಒಂಚೂರು ಕರಗಿಸಿ ಬೆಸೆಯುತ್ತದೆ. ತಪ್ಪಾಗಿ ಜೋಡಿಸಿದ ಕೈಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ನನ್ನ ಬಳಿ ಒಬ್ಬ ಬಿಲ್ಲುಗಾರನಿದ್ದಾನೆ, ನಾಲ್ಕು ವರ್ಷದಿಂದ ತನ್ನ ನಾಯಕನ ಕಿವಿಗೇ ಗುರಿ ಇಟ್ಟಿದ್ದಾನೆ.

ಬಣ್ಣ ಹಿಡಿಯಲಿ ಎಂದು ಮೊದಲು ಹಚ್ಚುವ ಪದರ, ಅಂದರೆ ಪ್ರೈಮರ್ ಹೊಡೆಯುವುದರಲ್ಲೂ ಒಂದು ಪೆಟ್ಟು ತಿಂದೆ. ಡಿಸೆಂಬರ್‌ನಲ್ಲಿ, ಹಿತ್ತಲಲ್ಲಿ, ಮಂಜು ಸುರಿಯುವಾಗ ಸ್ಪ್ರೇ ಡಬ್ಬಿ ಹಿಡಿದುಕೊಂಡು ಹೋದೆ. ಡಬ್ಬಿಯ ಮೇಲೆ ತೇವದಲ್ಲಿ ಬೇಡ ಎಂದು ಬರೆದಿತ್ತು. ಓದಿರಲಿಲ್ಲ. ಇಪ್ಪತ್ತು ಜನರ ಮೈ ಮೇಲೆ ರವೆ ಉದುರಿಸಿದ ಹಾಗಾಯಿತು. ಅವರನ್ನು ನೆನೆಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಬಿಡಿಸಲು ಎರಡು ಶನಿವಾರ ಹಿಡಿಯಿತು. ಹೆಂಡತಿ ಬಂದು ಸಿಂಕ್ ನೋಡಿ, "ಇವರಿಗೆಲ್ಲ ಎಣ್ಣೆಸ್ನಾನ ಬೇರೆ ಮಾಡಿಸ್ತೀರಾ? ಬಾಡಿಗೆ ಯಾವಾಗ ಕೊಡ್ತಾರಂತೆ?" ಎಂದಳು. ಆಗಲೇ ಪುಸ್ತಕದ ಕಪಾಟಿನ ಎರಡು ಅಂಕಣ ಅವರ ಪಾಲಾಗಿತ್ತು.

ಯಾರ್ಕ್-ಲ್ಯಾಂಕಾಸ್ಟರ್ ಕಾದಾಟಕ್ಕಿರುವ ಗುಲಾಬಿಗಳ ಯುದ್ಧ ಎಂಬ ಹೆಸರು ಕೇಳಿಕೊಂಡು ಬಂದವರಿಗೆ ಮೊದಲ ಆಘಾತ ಅಂದರೆ ಗೊಂಬೆಗಳ ಎದೆ ಮೇಲೆ ಗುಲಾಬಿ ಬಿಡಿಸುವ ಕೆಲಸವೇ ಕಡಿಮೆ. ಆ ಹೆಸರು ಜನರ ಬಾಯಲ್ಲಿ ನಿಂತದ್ದು 19ನೇ ಶತಮಾನದಲ್ಲಿ. ಬಿಳಿ ಗುಲಾಬಿ ಯಾರ್ಕಿನ ಹಲವು ಗುರುತುಗಳಲ್ಲಿ ಒಂದು. ಲ್ಯಾಂಕಾಸ್ಟರ್‌ನ ಕೆಂಪು ಗುಲಾಬಿಗೆ ಮೆರವಣಿಗೆ ಸಿಕ್ಕಿದ್ದು ಆ ಕಡೆಯ ಹೆನ್ರಿ ಟ್ಯೂಡರ್ ಕೊನೆಗೆ ಗೆದ್ದ ಮೇಲೆ. ಸಾಮಾನ್ಯ ಸೈನಿಕ ಹಾಕಿಕೊಂಡದ್ದು ತನ್ನ ಧಣಿಯ ಕೋಟು, ಧಣಿಯ ಗುರುತು. ವಾರಿಕ್‌ನ ಅರ್ಲ್ ಎಂಬ ದೊಡ್ಡ ಧಣಿ ತನ್ನ ಆರು ನೂರು ಆಳುಗಳಿಗೆ ಕೆಂಪು ಕೋಟು ಹಾಕಿಸಿ, ಅದರ ಮೇಲೆ ಬಿಳಿ ಗಿಣ್ಣುಗೋಲಿನ ಗುರುತು ಇಡಿಸಿ ಲಂಡನ್ನಿಗೆ ಕರೆತಂದಿದ್ದ. ಕೊಂಬೆ ಕಡಿದ ಮರದ ತುಂಡಿನ ಹಾಗಿರುವ ಗುರುತು ಅದು. ಬಕಿಂಗ್‌ಹ್ಯಾಮ್‌ನವರದು ಹಗ್ಗದ ಗಂಟು. ಪರ್ಸಿಗಳದು ಅರ್ಧಚಂದ್ರ. ಟ್ಯೂಡರ್ ಕೋಟು ಬಿಳಿ ಮತ್ತು ಹಸಿರು.

ಯಾರ್ಕಿನ ರಾಜ ಮೂರನೇ ರಿಚರ್ಡನದು ಬಿಳಿ ಹಂದಿ. 1483ರಲ್ಲಿ ಯಾರ್ಕ್ ಊರಲ್ಲಿ ಮಗನಿಗೆ ಯುವರಾಜ ಪಟ್ಟ ಕಟ್ಟುವಾಗ ಅವನು ಬಟ್ಟೆಯ ಹಂದಿ ಬಿಲ್ಲೆಗಳಿಗೆ ಆರ್ಡರ್ ಕೊಟ್ಟಿದ್ದ. ಎಷ್ಟು ಗೊತ್ತಾ? 13,000. ಚುನಾವಣೆ ಬ್ಯಾಡ್ಜ್ ಹಂಚಿದ ಹಾಗೆ. ನಮ್ಮ ವಿಜಯನಗರದವರಿಗೂ ವರಾಹವೇ ಲಾಂಛನ, ನಾಣ್ಯದ ಹೆಸರೂ ಅದೇ. 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಈ ಬಿಳಿ ಹಂದಿಯ ರಾಜ ಸತ್ತ. ಅದೇ ಹೊತ್ತಿಗೆ ವಿಜಯನಗರದಲ್ಲಿ ಸಂಗಮ ವಂಶ ಹೋಗಿ ಸಾಳುವ ನರಸಿಂಹ ಪಟ್ಟಕ್ಕೆ ಬಂದ. ಒಂದಕ್ಕೊಂದು ಏನೂ ಸಂಬಂಧ ಇಲ್ಲ. ಆದರೂ ಅರ್ಧ ರಾತ್ರಿಯಲ್ಲಿ ಹಂದಿಯ ಕೋರೆ ಬಿಡಿಸುವಾಗ ಇಂಥವೆಲ್ಲ ತಲೆಗೆ ಬರುತ್ತವೆ. ಬಾಸ್ವರ್ತ್ ರಣರಂಗ ನಿಜವಾಗಿ ಎಲ್ಲಿತ್ತು ಎನ್ನುವುದು 2009ರಲ್ಲಿ ಪತ್ತೆಯಾದಾಗ ಸೀಸದ ಗುಂಡುಗಳ ಜತೆಗೆ ಚಿನ್ನದ ನೀರು ಹಾಕಿದ ಪುಟ್ಟ ಬೆಳ್ಳಿ ಹಂದಿಯೂ ಸಿಕ್ಕಿತು. ರಾಜನಿಗೆ ಹತ್ತಿರದ ಯಾರೋ ಧರಿಸಿದ್ದಿರಬೇಕು. ರಾಜನ ಮೂಳೆ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿ ಲೋಕಕ್ಕೆಲ್ಲ ಸುದ್ದಿಯಾಯಿತು. ಅದರ ಬಗ್ಗೆ ನಾನು ಮತ್ತೆ ಬರೆಯುವುದಿಲ್ಲ. ರಾಜರಿಗೆ ಬರೆಯುವವರು ಬೇಕಾದಷ್ಟಿದ್ದಾರೆ.

ನನ್ನ ಬಳಿ ರಾಜರೇ ಇಲ್ಲ. ಇದು ಅಮ್ಮನಿಗೆ ಬಹಳ ಬೇಸರದ ಸಂಗತಿ. ಹೋದ ನವರಾತ್ರಿಯಲ್ಲಿ ಮಗಳು ಈ ಸೈನಿಕರನ್ನೆಲ್ಲ ಗೊಂಬೆ ಮೆಟ್ಟಿಲಿನ ಕೆಳಗಿನ ಸಾಲಿನಲ್ಲಿ ನಿಲ್ಲಿಸಿದ್ದಳು. ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ ಕೇಳಿದರು.

"ಲೋ, ಇಷ್ಟೊಂದು ಸೈನ್ಯ ಇಟ್ಟಿದ್ದೀಯಲ್ಲ, ಇವರ ಪಟ್ಟದ ಗೊಂಬೆ ಎಲ್ಲಿ? ರಾಜ ಯಾರು?"

"ಇಬ್ಬರಿದ್ರು ಅಮ್ಮ, ಒಂದೇ ಸಲಕ್ಕೆ." ಲ್ಯಾಂಕಾಸ್ಟರ್ ಕಡೆಯ ಆರನೇ ಹೆನ್ರಿ ಬದುಕಿದ್ದಾಗಲೇ 1461ರ ಮಾರ್ಚ್‌ನಲ್ಲಿ ಯಾರ್ಕಿನ ನಾಲ್ಕನೇ ಎಡ್ವರ್ಡ್ ತಾನೇ ರಾಜ ಎಂದ. 1470ರಲ್ಲಿ ಹೆನ್ರಿ ಮತ್ತೆ ಬಂದ. ಮುಂದಿನ ವರ್ಷ ಮತ್ತೆ ಎಡ್ವರ್ಡ್. ಇದನ್ನೆಲ್ಲ ಹೇಳಿದೆ.

"ಹಂಗಾದ್ರೆ ಆಳುಗಳು ಯಾರ ಮಾತು ಕೇಳ್ತಿದ್ರು?"

ಅಮ್ಮನಿಗೆ ಇಂಗ್ಲೆಂಡಿನ ಚರಿತ್ರೆ ಗೊತ್ತಿಲ್ಲ. ಆದರೆ ನಾನು ಓದಿದ ದಪ್ಪ ದಪ್ಪ ಪುಸ್ತಕಗಳಿಗಿಂತ ಇದು ಒಳ್ಳೆ ಪ್ರಶ್ನೆ. ಅವರು ಕೋಟಿನ ಮಾತು ಕೇಳುತ್ತಿದ್ದರು ಅನ್ನುವುದು ನನಗೆ ತೋಚುವ ಉತ್ತರ. ಕೋಟು ಯಾರದೋ ಅವನ ಕಡೆ. ಕೋಟಿನ ಧಣಿ ಪಕ್ಷ ಬದಲಿಸಿದರೆ ಕೋಟಿನ ಒಳಗಿನವನೂ ಬದಲಿಸಿದ ಹಾಗೆ. 1460ರ ಜುಲೈ 10ರಂದು ನಾರ್ಥಾಂಪ್ಟನ್‌ನಲ್ಲಿ ಆದದ್ದು ಇದೇ. ರಾಜ ಹೆನ್ರಿಯ ಪಾಳೆಯದ ಒಂದು ಬದಿ ಕಾಯುತ್ತಿದ್ದವನು ರೂಥಿನ್‌ನ ಲಾರ್ಡ್ ಗ್ರೇ. ಅವನ ಗುರುತು ಕಪ್ಪು ಗಿಣ್ಣುಗೋಲು. ಎದುರಿಂದ ಬಂದ, ಆಗ ಯಾರ್ಕ್ ಕಡೆಯಿದ್ದ ವಾರಿಕ್‌ನ ಗುರುತು ಬಿಳಿ ಗಿಣ್ಣುಗೋಲು. ಕಪ್ಪು ಕೋಲಿನವರನ್ನು ಮುಟ್ಟಬೇಡಿ ಎಂದು ವಾರಿಕ್ ಮೊದಲೇ ತನ್ನವರಿಗೆ ಹೇಳಿದ್ದ. ಗ್ರೇಯ ಆಳುಗಳು ಬೇಲಿ ಹತ್ತುತ್ತಿದ್ದ ಶತ್ರುವಿಗೆ ಕೈ ಕೊಟ್ಟು ಒಳಗೆ ಎಳೆದುಕೊಂಡರು. ಅರ್ಧ ಗಂಟೆಯಲ್ಲಿ ಕತೆ ಮುಗಿಯಿತು ಅನ್ನುತ್ತಾರೆ. ನನ್ನ ಕಪಾಟಿನಲ್ಲಿ ಈ ಎರಡು ಪಡೆಗಳ ನಡುವೆ ಇರುವ ವ್ಯತ್ಯಾಸ ಅಂದರೆ ಬ್ರಷ್ಷಿನ ತುದಿಯ ಒಂದು ಚುಕ್ಕೆ ಬಣ್ಣ.

ಬಾರ್ನೆಟ್ ಯುದ್ಧ ಇನ್ನೂ ಘೋರ. 1471ರ ಏಪ್ರಿಲ್ 14, ಬೆಳಗಿನ ಮಂಜು. ಲ್ಯಾಂಕಾಸ್ಟರ್ ಕಡೆಯ ಆಕ್ಸ್‌ಫರ್ಡ್ ಅರ್ಲ್‌ನ ಆಳುಗಳು ಎದುರಿನವರನ್ನು ಓಡಿಸಿ, ಊರಿನವರೆಗೆ ಅಟ್ಟಿ, ಒಂದಿಷ್ಟು ಲೂಟಿಯೂ ಮಾಡಿ ವಾಪಸ್ ಬಂದರು. ಅಷ್ಟರಲ್ಲಿ ಸೈನ್ಯಗಳ ಸಾಲು ತಿರುಗಿಬಿಟ್ಟಿತ್ತು. ಮಂಜಿನಲ್ಲಿ ಇವರು ಬಂದು ಸೇರಿದ್ದು ತಮ್ಮದೇ ಕಡೆಯವರ ಎದುರಿಗೆ. ಆಕ್ಸ್‌ಫರ್ಡ್ ಗುರುತು ಕಿರಣಗಳಿರುವ ನಕ್ಷತ್ರ. ಎಡ್ವರ್ಡ್ ರಾಜನ ಗುರುತು ಕಿರಣಗಳಿರುವ ಸೂರ್ಯ. ನಕ್ಷತ್ರವನ್ನು ಸೂರ್ಯ ಅಂದುಕೊಂಡು ಅವರ ಮೇಲೆ ಬಾಣ ಬಿಟ್ಟರು. ಮೋಸ, ಮೋಸ ಎಂದು ಕೂಗುತ್ತಾ ಆಕ್ಸ್‌ಫರ್ಡ್‌ನವರು ಓಡಿದರು. ಅಷ್ಟು ಹೊತ್ತಿಗೆ ಪಕ್ಷ ಬದಲಿಸಿ ಲ್ಯಾಂಕಾಸ್ಟರ್ ಕಡೆ ಬಂದಿದ್ದ ವಾರಿಕ್ ಅಂದೇ ಸತ್ತ.

ಇದನ್ನು ಓದಿದಾಗ ಯಾರೋ ಕಟ್ಟಿದ ಕತೆ ಇರಬೇಕು ಅನ್ನಿಸಿತ್ತು. ಆಮೇಲೆ ಎರಡೂ ಗುರುತುಗಳನ್ನು ನಾನೇ ಬಿಡಿಸಿದೆ. ಇಪ್ಪತ್ತು ಸೂರ್ಯ, ಇಪ್ಪತ್ತು ನಕ್ಷತ್ರ. ಭೂತಕನ್ನಡಿಯ ಕೆಳಗೆ, ಎರಡೆಳೆಯ ಬ್ರಷ್ಷಿನಲ್ಲಿ, ಬಹಳ ನೀಟಾಗಿ. ಒಣಗಿದ ಮೇಲೆ ಒಂದು ತೋಳಿನ ದೂರ ಹಿಡಿದು ನೋಡಿದರೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ನನ್ನ ಮನೆಯಲ್ಲಿ ಮಂಜಿರಲಿಲ್ಲ. ಯಾರೂ ನನ್ನನ್ನು ಕೊಲ್ಲಲು ಬರುತ್ತಿರಲಿಲ್ಲ.

ಕೋಟಿನ ಒಳಗೆ ಇದ್ದದ್ದು ಜ್ಯಾಕ್. ಉಕ್ಕಿನ ಕವಚ ಶ್ರೀಮಂತರಿಗೆ. ಉಳಿದವರಿಗೆ ಬಟ್ಟೆಯನ್ನು ಪದರ ಪದರವಾಗಿ ಇಟ್ಟು, ಅಥವಾ ಒಳಗೆ ನಾರು ತುಂಬಿ, ಒತ್ತೊತ್ತಾಗಿ ಹೊಲಿದ ದಪ್ಪ ಅಂಗಿ. ಅಂದರೆ ಮೈಗೆ ಕೌದಿ ಹೊಲಿಸಿಕೊಂಡ ಹಾಗೆ. 1483ರಲ್ಲಿ ಲಂಡನ್ನಿನಲ್ಲಿದ್ದ ಡೊಮಿನಿಕ್ ಮಂಚಿನಿ ಎಂಬ ಇಟಲಿಯವನು ಇದನ್ನು ನೋಡಿ ಬರೆದಿಟ್ಟಿದ್ದಾನೆ. ಈ ಅಂಗಿ ಎಷ್ಟು ಮೆತ್ತಗಿದ್ದರೆ ಅಷ್ಟು ಚೆನ್ನಾಗಿ ಬಾಣ, ಕತ್ತಿ ತಡೆಯುತ್ತದಂತೆ. ಬೇಸಿಗೆಗೆ ಹಗುರ, ಚಳಿಗೆ ಕಬ್ಬಿಣಕ್ಕಿಂತ ವಾಸಿ. ಗೊಂಬೆಯ ಮೇಲೆ ಆ ಹೊಲಿಗೆಯ ಸಾಲುಗಳೆಲ್ಲ ಕಡೆದಿರುತ್ತವೆ. ಕಂದು ಬಣ್ಣವನ್ನು ಚೆನ್ನಾಗಿ ನೀರು ಮಾಡಿ ಹಚ್ಚಿದರೆ ಅದು ಸಾಲುಗಳಿಗೆ ಇಳಿದು ನಿಲ್ಲುತ್ತದೆ. ಉಬ್ಬಿದ ಭಾಗ ತಿಳಿಯಾಗಿಯೇ ಉಳಿಯುತ್ತದೆ. ಇದಕ್ಕೆ ವಾಷ್ ಅನ್ನುತ್ತಾರೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಕ್ಷಣ ಅದು. ನಾವು ಏನೂ ಮಾಡಬೇಕಿಲ್ಲ, ಬಟ್ಟೆ ತಾನಾಗಿ ಬಟ್ಟೆಯ ಹಾಗೆ ಕಾಣತೊಡಗುತ್ತದೆ.

ಕೈಯಲ್ಲಿ ಒಂದೋ ಆಳುದ್ದದ ಬಿಲ್ಲು, ಇಲ್ಲವೇ 'ಬಿಲ್' ಎಂಬ ಆಯುಧ. ಕನ್ನಡದ ಬಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಬೇಲಿ ಸವರುವ ಮಚ್ಚಿಗೆ ಉದ್ದನೆಯ ಕೋಲು ಕೂರಿಸಿ, ಮೇಲೊಂದು ಮೊನೆ, ಹಿಂದೊಂದು ಕೊಕ್ಕೆ ಇಟ್ಟರೆ ಬಿಲ್. ರೈತನ ಸಲಕರಣೆ ಯುದ್ಧಕ್ಕೆ ಹೊರಟದ್ದು.

ಪೆಟ್ಟಿಗೆಯಲ್ಲಿ ಎಲ್ಲರಿಗೂ ಒಳ್ಳೆ ಹೆಲ್ಮೆಟ್ ಕೊಟ್ಟಿರುತ್ತಾರೆ. ನಾನೂ ಮೊದಲು ಎಲ್ಲರಿಗೂ ಹಾಕಿದೆ. ಆಮೇಲೆ 1457ರ ಒಂದು ಪಟ್ಟಿಯ ಬಗ್ಗೆ ಓದಿದೆ. ಡಾರ್ಸೆಟ್‌ನ ಬ್ರಿಡ್‌ಪೋರ್ಟ್ ಊರಿನ ಜನರನ್ನು ನಿಲ್ಲಿಸಿ, ಯಾರ ಬಳಿ ಯಾವ ಆಯುಧ ಇದೆ ಎಂದು ಬರೆದುಕೊಂಡದ್ದು. ಒಂದು ಹೆಸರು, ಪಕ್ಕದಲ್ಲಿ ಸಾಮಾನು. ಒಬ್ಬನ ಬಳಿ ಜ್ಯಾಕ್, ಸ್ಯಾಲೆಟ್, ಬಿಲ್ಲು, ಬಾಣ ಎಲ್ಲ ಇದೆ. ಇನ್ನೊಬ್ಬನ ಬಳಿ ಬರೀ ಬಿಲ್ಲು. ಕೆಲವರ ಬಳಿ ಏನೂ ಇಲ್ಲ, ಇಷ್ಟು ದಿನದೊಳಗೆ ಹೊಂದಿಸಿಕೋ ಎಂಬ ಸೂಚನೆ ಇದೆ. ರೇಷನ್ ಕಾರ್ಡಿನ ಪಟ್ಟಿ ಓದಿದ ಹಾಗೆ ಅನ್ನಿಸಿತು. ಅಂದಿನಿಂದ ನನ್ನ ಪಡೆಯಲ್ಲಿ ಬರಿದಲೆಯವರು ಜಾಸ್ತಿಯಾದರು. ಉಣ್ಣೆಯ ಟೋಪಿಯವರು, ಎಲ್ಲೋ ಎರವಲು ತಂದ ಹಳೆ ಹೆಲ್ಮೆಟ್ಟಿನವರು. ಹಾಲ್‌ನ ಹಿರಿಯರೊಬ್ಬರು ನೋಡಿ, ನಿಮ್ಮ ಸೈನ್ಯ ಬಹಳ ಬಡವಾಗಿದೆ ಎಂದರು. ಹೊಗಳಿಕೆ ಅಂದುಕೊಂಡೆ.

ಟೌಟನ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. 1461ರ ಮಾರ್ಚ್ 29, ಪಾಮ್ ಸಂಡೇ ಎಂಬ ಕ್ರೈಸ್ತ ಹಬ್ಬದ ದಿನ, ಹಿಮ ಬೀಳುವಾಗ ಅಲ್ಲಿ ಯುದ್ಧವಾಯಿತು. ಗಾಳಿ ಯಾರ್ಕಿನವರ ಬೆನ್ನಿಗಿತ್ತು. ಅವರ ಬಾಣ ದೂರ ಹೋದವು. ಲ್ಯಾಂಕಾಸ್ಟರ್‌ನವರು ಹಿಮ ಕಣ್ಣಿಗೆ ಬಡಿಯುವಾಗ ಗಾಳಿಗೆದುರಾಗಿ ಬಿಟ್ಟ ಬಾಣ ಮುಂಚೆಯೇ ನೆಲಕ್ಕೆ ಬಿದ್ದವು. ಆ ಬಿದ್ದ ಬಾಣಗಳನ್ನೇ ಯಾರ್ಕಿನವರು ಕಿತ್ತು ತಿರುಗಿ ಬಿಟ್ಟರು ಎಂದು ಮುಂದಿನ ಶತಮಾನದ ಚರಿತ್ರೆಕಾರನೊಬ್ಬ ಬರೆದಿದ್ದಾನೆ. 28,000 ಜನ ಸತ್ತರು ಎಂದು ಆಗಿನ ಪತ್ರಗಳಲ್ಲೇ ಇದೆ. ಇಂದಿನ ಇತಿಹಾಸಕಾರರು ಅಷ್ಟನ್ನು ನಂಬುವುದಿಲ್ಲ. ನಾನು ಹೋದ ದಿನ ಅಲ್ಲಿ ಏನೂ ಇರಲಿಲ್ಲ. ರಸ್ತೆ ಬದಿಯಲ್ಲಿ ಒಂದು ಹಳೆ ಕಲ್ಲಿನ ಶಿಲುಬೆ. ಎತ್ತ ನೋಡಿದರೂ ಹೊಲ. ಇಳಿಜಾರಿನ ಕೆಳಗೆ ಕಾಕ್ ಬೆಕ್ ಎಂಬ ತೊರೆ. ಓಡಿಹೋಗುತ್ತಿದ್ದವರು ಅದರಲ್ಲೇ ಸಿಕ್ಕಿ ಸತ್ತದ್ದು. ನಮ್ಮ ಕಡೆ ಇದನ್ನು ತೊರೆ ಅನ್ನುವುದೂ ಇಲ್ಲ, ಕಾಲುವೆ ಅನ್ನುತ್ತಾರೆ. ಗಾಳಿ ಮಾತ್ರ ಇತ್ತು. ಟೋಪಿ ಹಾರಿಹೋಯಿತು.

1996ರಲ್ಲಿ ಟೌಟನ್ ಹಾಲ್ ಎಂಬ ಮನೆಯಲ್ಲಿ ಕಟ್ಟಡ ಕೆಲಸ ನಡೆಯುವಾಗ ಒಂದು ಗುಂಡಿ ಸಿಕ್ಕಿತು. ಒಳಗೆ ಸುಮಾರು ನಲವತ್ತು ಜನ, ಒಬ್ಬರ ಮೇಲೊಬ್ಬರು. ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದವರು ಮೂಳೆಗಳನ್ನು ಪರೀಕ್ಷಿಸಿದರು. ಹದಿನಾರರ ಹುಡುಗನಿಂದ ಐವತ್ತರ ಆಸುಪಾಸಿನವರೆಗಿನ ಗಂಡಸರು. ಗಾಯಗಳೆಲ್ಲ ಹೆಚ್ಚಾಗಿ ತಲೆಗೆ. ಒಬ್ಬನ ತಲೆಬುರುಡೆಯಲ್ಲೇ ಎಂಟು ಏಟು. ಇನ್ನೊಬ್ಬನ ದವಡೆಗೆ ಹಳೆಯ ಗಾಯವೊಂದು ಆಗಿ, ಚೆನ್ನಾಗಿ ವಾಸಿಯೂ ಆಗಿತ್ತು. ಅಂದರೆ ಅವನು ಒಮ್ಮೆ ಬದುಕಿ ಮನೆಗೆ ಹೋಗಿದ್ದ, ಮತ್ತೆ ಕರೆದಾಗ ಮತ್ತೆ ಬಂದಿದ್ದ. ಸಾಯುವಾಗ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ಎಂದು ಗಾಯಗಳಿಂದಲೇ ಗೊತ್ತಾಗುತ್ತದೆ. ಬಿದ್ದುಹೋಯಿತೋ, ಓಡುವಾಗ ತಾವೇ ಕಿತ್ತೆಸೆದರೋ, ಮೊದಲಿನಿಂದ ಇರಲೇ ಇಲ್ಲವೋ. ಸೋತ ಕಡೆಯವರು ಇರಬೇಕು ಎಂಬುದು ಊಹೆ. ಊಹೆ ಯಾಕೆಂದರೆ ಗುಂಡಿಯಲ್ಲಿ ಕೋಟು ಒಂದೂ ಇರಲಿಲ್ಲ.

ಒಂದು ಪೆಟ್ಟಿಗೆಯಲ್ಲಿ ನಲವತ್ತು ಜನ ಇರುತ್ತಾರೆ ಎಂದೆನಲ್ಲ. ಹೋದ ತಿಂಗಳು ಇನ್ನೊಂದು ಪೆಟ್ಟಿಗೆ ತಂದೆ. ಯಾರ ತಲೆಗೂ ಹೆಲ್ಮೆಟ್ ಹಾಕಲಿಲ್ಲ. ಪ್ರೈಮರ್ ಒಳ್ಳೆ ಬಿಸಿಲಿನ ದಿನ ನೋಡಿ ಹೊಡೆದೆ, ನೀಟಾಗಿ ಕೂತಿತು. ಮುಖ, ಕೈ, ಬೂಟು ಆಗಿದೆ. ದವಡೆಯ ಮೇಲೆ ಗಾಯದ ಗುರುತಿರುವವನು ಎರಡನೇ ಸಾಲಿನಲ್ಲಿದ್ದಾನೆ. ಹುಡುಗನಿಗೆ ಮೀಸೆ ಬಿಡಿಸಿಲ್ಲ.

ಮೂರು ವಾರವಾಯಿತು. ಡಬ್ಬಿಗಳೆಲ್ಲ ಮೇಜಿನ ಮೇಲಿವೆ. ವಾರಿಕ್‌ನ ಕೆಂಪು, ಟ್ಯೂಡರ್ ಹಸಿರು, ನಾನೇ ಕಲೆಸಿಟ್ಟ ಹಿಪ್ಪುನೇರಳೆ. ನಿನ್ನೆ ರಾತ್ರಿ ಮಗಳು ಹಾಲು ಕುಡಿಯುತ್ತಾ ಬಂದು ನಿಂತಳು. "ಅಪ್ಪಾ, ಇವರು ಯಾವ ಕಡೆ?" ಅಂದಳು. ಇನ್ನೂ ಗೊತ್ತಿಲ್ಲ ಅಂದೆ. ಅವಳು ಹುಡುಗನನ್ನು ಎತ್ತಿ ನೋಡಿ, ಬಣ್ಣ ಒಣಗಿದೆಯಾ ಎಂದು ಕೇಳಿ, ಅವನನ್ನು ದವಡೆ ಗಾಯದವನ ಪಕ್ಕಕ್ಕೆ ಇಟ್ಟು ಮಲಗಲು ಹೋದಳು. ನಾನು ಬ್ರಷ್ ತೊಳೆದಿಟ್ಟೆ. ಕೋಟುಗಳು ಇನ್ನೂ ಬೂದು ಬಣ್ಣದಲ್ಲೇ ಇವೆ.